ಯಾರ ಮಗುವಿನ ಅಂಗಿ?

ಚಿತ್ರ ಚೆನ್ನಾಗಿದೆ ಅನ್ನುವುದೇ ವಿಮರ್ಶೆಯಾದರೆ ಈ ಲೇಖನವನ್ನು ಇಲ್ಲಿಗೇ ನಿಲ್ಲಿಸಬಹುದು. ಅಮೆರಿಕದ ‘ಇಂಡೆಕ್ಸ್ ಆಫ್ ಅಮೆರಿಕನ್ ಡಿಸೈನ್’ ಸಂಗ್ರಹದ ಜಲವರ್ಣಗಳು ನಿಜಕ್ಕೂ ಚೆನ್ನಾಗಿವೆ. ಹಳೇ ಕಾಲದ ಮಕ್ಕಳ ಅಂಗಿ, ಕುಲಾವಿ, ಹೆಣ್ಣುಮಕ್ಕಳು ಅಕ್ಷರ ಕಲಿಯುತ್ತ ಹಾಕಿದ ಕಸೂತಿ, ನಮ್ಮ ಕೌದಿಯಂಥ ಹೊದಿಕೆ. ಹೊಲಿಗೆ ಹೊಲಿಗೆಯನ್ನೂ ಎಣಿಸಬಹುದು. ಬಟ್ಟೆಯ ನೆರಿಗೆಯೊಳಗಿನ ನೆರಳು ಕೂಡ ತಪ್ಪಿಲ್ಲ.

ಬರೆದವರು ಯಾರು? 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಕೆಲಸವಿಲ್ಲದೆ ಕೂತ ಕಲಾವಿದರು. ರೂಸ್‌ವೆಲ್ಟ್ ಸರಕಾರ ಅವರಿಗೆ ಕೂಲಿ ಕೊಟ್ಟು 1935ರಿಂದ 1942ರವರೆಗೆ 18,000ದಷ್ಟು ಚಿತ್ರ ಬರೆಸಿತು. ಈಗ ಅವು ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿವೆ. ಹಸಿದ ಕೈ ಬರೆದದ್ದು ಬಹುಪಾಲು ಉಳ್ಳವರ ಪೆಟ್ಟಿಗೆಯಲ್ಲಿ ಜೋಪಾನವಾಗಿದ್ದ ಬಟ್ಟೆಯನ್ನು. ಕುಂಚದ ತಪ್ಪಲ್ಲ ಇದು, ಪಟ್ಟಿ ಮಾಡಿದವರದು. ಆ ನೆಲದ ಮೂಲನಿವಾಸಿಗಳ ಕಸುಬನ್ನು ಈ ಪಟ್ಟಿಗೆ ಸೇರಿಸಲೇ ಇಲ್ಲ. ಅದು ಮಾನವಶಾಸ್ತ್ರದವರ ಪಾಲಂತೆ! ಬಿಳಿಯರ ಕುಲಾವಿ ಕಲೆ, ಅವರದು ‘ಅಧ್ಯಯನದ ವಸ್ತು’.

ಗುಲಾಮರ ಮಕ್ಕಳ ಅಂಗಿ ಎಲ್ಲಿ ಅಂತ ಕೇಳಿದರೆ ಫ್ರೆಡರಿಕ್ ಡಗ್ಲಾಸ್ 1845ರ ತನ್ನ ಆತ್ಮಕಥೆಯಲ್ಲಿ ಲೆಕ್ಕ ಕೊಟ್ಟಿದ್ದಾನೆ. ಮೇರಿಲ್ಯಾಂಡಿನ ಆ ತೋಟದಲ್ಲಿ, ಹೊಲದ ಕೆಲಸಕ್ಕೆ ಬಾರದ ಮಕ್ಕಳಿಗೆ ವರ್ಷಕ್ಕೆ ಎರಡು ಒರಟು ನಾರಿನ ಅಂಗಿ. ಚಡ್ಡಿ ಇಲ್ಲ, ಜೋಡು ಇಲ್ಲ. ಹರಿದರೆ ಮುಂದಿನ ಹಂಚಿಕೆಯವರೆಗೆ ಬೆತ್ತಲೆ. ಚಳಿಗೆ ಅವನು ಜೋಳದ ಚೀಲ ಕದ್ದು ಅದರೊಳಗೆ ತೂರಿ ಮಲಗುತ್ತಿದ್ದ, ಕಾಲು ಹೊರಗೇ. ಇಂಥ ಅಂಗಿ ನೂರು ವರ್ಷ ಉಳಿದು ಚಿತ್ರಕಾರನ ಮುಂದೆ ಬರುವುದು ಹೇಗೆ? ಮೈಮೇಲೇ ಸವೆದು ಹೋಯಿತು.

ಹಾಗಂತ ಈ ಚಿತ್ರಗಳನ್ನು ಎಸೆಯೋಣವೆ? ಬೇಡ. ಹೊಲಿಗೆ ಎಣಿಸಲು ಬರುತ್ತದೆ ಅಂದೆನಲ್ಲ, ಒಂದೊಂದು ಹೊಲಿಗೆಯೂ ಯಾರೋ ಹೆಂಗಸಿನ ಕಣ್ಣು ಸವೆಸಿದ್ದು. ಓದುವ ಹುಡುಗಿ ಕಸೂತಿಯಲ್ಲಿ ತನ್ನ ಹೆಸರು, ವಯಸ್ಸು ಹಾಕಿಕೊಂಡಳು. ದುಡಿಯುವವಳಿಗೆ ಹೆಸರು ಹಾಕುವ ಹಕ್ಕೆಲ್ಲಿತ್ತು?

ಹೆಸರು ಉಳಿದ ಒಬ್ಬಳಿದ್ದಾಳೆ. ಜಾರ್ಜಿಯಾದಲ್ಲಿ 1837ರಲ್ಲಿ ಗುಲಾಮಳಾಗಿ ಹುಟ್ಟಿದ ಹ್ಯಾರಿಯೆಟ್ ಪವರ್ಸ್. ಬಿಡುಗಡೆಯಾದ ಮೇಲೆ ಬೈಬಲ್ ಕತೆಗಳನ್ನು ಬಟ್ಟೆತುಂಡಿನಲ್ಲಿ ಕತ್ತರಿಸಿ ಕೌದಿಗೆ ಹೊಲಿದಳು. ಮಾರಲು ಮನಸ್ಸಿರಲಿಲ್ಲ. ಕಷ್ಟ ಬಂತು. ಹತ್ತು ಡಾಲರ್ ಕೇಳಿದಳು, 1891ರಲ್ಲಿ ಐದಕ್ಕೆ ಕೊಟ್ಟಳು. ಆ ಕೌದಿ ಈಗ ಸ್ಮಿತ್ಸೋನಿಯನ್‌ನಲ್ಲಿದೆ. ಮಾರಿದ ಮೇಲೂ ಅವಳು ಕೊಂಡವರ ಮನೆಗೆ ಹಲವು ಸಲ ಹೋಗಿ ಅದನ್ನು ನೋಡಿ ಬರುತ್ತಿದ್ದಳು.