ಕಾಮೇಗೌಡರ ಕಟ್ಟೆ ಯಾರ ಲೆಕ್ಕಕ್ಕೆ?

2020ರ ಜೂನ್ 28ರ ‘ಮನ್ ಕಿ ಬಾತ್’ ರೇಡಿಯೊ ಮಾತಿನಲ್ಲಿ ಪ್ರಧಾನಿ ಹೆಸರಿಸಿದ ಮೇಲೆ ಮಳವಳ್ಳಿ ತಾಲ್ಲೂಕು ದಾಸನದೊಡ್ಡಿಯ ಕಾಮೇಗೌಡರ ಬಗ್ಗೆ ಬಂದ ಲೇಖನಗಳನ್ನು ಒಟ್ಟಿಗಿಟ್ಟು ಓದಿದರೆ ಒಂದನ್ನೇ ಹತ್ತು ಸಲ ಓದಿದ ಹಾಗಾಗುತ್ತದೆ. ಕುರಿ ಕಾಯುವ ಅಜ್ಜ, 16 ಕಟ್ಟೆ, ಉಚಿತ ಬಸ್ ಪಾಸು, ಕೊನೆಗೊಂದು ಕೈಮುಗಿತ. 2022ರ ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡಾಗಲೂ ಅದೇ ಪಾಠ.

ಕೆಲಸ ದೊಡ್ಡದೇ. ಹೊಗಳಿದವರು ಮಾತ್ರ ಕಟ್ಟೆಯನ್ನು ಸರಿಯಾಗಿ ನೋಡಲಿಲ್ಲ. ಕುಂದೂರು ಬೆಟ್ಟದ ಇಳಿಜಾರಿನಲ್ಲಿ ಮಳೆನೀರು ನಿಲ್ಲುವುದಿಲ್ಲ. ಅದು ಎಲ್ಲಿ ಓಡುತ್ತದೆ, ಎಲ್ಲಿ ಒಂದು ಗಳಿಗೆ ತಂಗುತ್ತದೆ ಎಂಬುದು ಕುರಿ ಹಿಂದೆ ತಿರುಗಿದ ಕಾಲಿಗೆ ಗೊತ್ತು. ತಂಗುವ ಕಡೆ ಕಾಮೇಗೌಡರು ಅಗೆದರು. ಮೇಲಿನದು ತುಂಬಿದರೆ ಕೋಡಿನೀರು ಕೆಳಗಿನದಕ್ಕೆ. ಹೀಗೆ ಕಟ್ಟಿದಾಗ ಹೂಳು ಮೇಲಿನ ಕಟ್ಟೆಯಲ್ಲೇ ಕೂರುತ್ತದೆ, ಕೆಳಗಿನದರಲ್ಲಿ ನೀರು ಉಳಿಯುತ್ತದೆ. ಒಂದೇ ದೊಡ್ಡ ಹೊಂಡ ತೋಡಿ ಬೋರ್ಡು ನೆಡುವವರಿಗೆ ಈ ಜಾಣತನ ಬಾರದು. ಆದರೆ ಮೇಲಿನದರ ಹೂಳನ್ನು ಆಗಾಗ ಎತ್ತದಿದ್ದರೆ ಇಡೀ ಸಾಲು ಕೆಡುತ್ತದೆ. ಅಜ್ಜ ಇದ್ದಷ್ಟು ದಿನ ಸರಿ. ಆಮೇಲೆ ಗುದ್ದಲಿ ಯಾರದು?

ಇಲ್ಲಿ ಊರಿನ ಅಪಸ್ವರದ ಮಾತೂ ಬರುತ್ತದೆ. ಕಟ್ಟೆ ಹದಿನಾಲ್ಕೋ ಹದಿನಾರೋ ಎಂಬ ಜಗಳ ಹುಡುಗಾಟದ್ದು. ‘ಸರ್ಕಾರಿ ಜಾಗದಲ್ಲಿ ಅಗೆಯೋಕೆ ಯಾರು ಹೇಳಿದ್ರು?’ ಎಂಬುದು ಹಾಗಲ್ಲ. ಅಭಿಮಾನಿ ಲೇಖಕರು ಅದನ್ನು ಹೊಟ್ಟೆಕಿಚ್ಚು ಎಂದು ತಳ್ಳಿದರು. ಹೊಟ್ಟೆಕಿಚ್ಚೇ ಇರಲಿ, ಪ್ರಶ್ನೆ ನೆಟ್ಟಗಿದೆ. 100 ರಾಸಿಗೆ 30 ಎಕರೆ ಗೋಮಾಳ ಬಿಡಬೇಕೆಂದು ನಮ್ಮ ಭೂಕಂದಾಯ ನಿಯಮವೇ ಹೇಳುತ್ತದೆ. ಅದೇ ಕಂದಾಯ ಇಲಾಖೆ ಸರ್ಕಾರಿ ಜಮೀನು ಉತ್ತುಕೊಂಡವರಿಗೆ ನಮೂನೆ 50, 53, 57 ಎಂದು ಮೂರು ಸಲ ಸಕ್ರಮದ ಬಾಗಿಲು ತೆರೆದಿದೆ. ಅಗೆದು ಎಲ್ಲರ ದನಕರುಗಳಿಗೆ ಬಿಟ್ಟುಕೊಟ್ಟವರಿಗೆ ಯಾವ ನಮೂನೆ?

ತಪಸ್ಸು, ತ್ಯಾಗ ಎಂದು ಬರೆದಷ್ಟೂ ಪಂಚಾಯಿತಿ, ತಾಲ್ಲೂಕು ಕಚೇರಿ ನಿರಾಳ. ಮಂಡ್ಯ, ಮದ್ದೂರು ಕಡೆ ಗೋಕಟ್ಟೆಯ ಹದ್ದುಬಸ್ತು ಮಾಡಿಸಲು ಅರ್ಜಿ ಹಿಡಿದು ಸರ್ವೇಯರ್ ಹಿಂದೆ ಅಲೆಯುವವರ ಬಗ್ಗೆ ಯಾರೂ ಲೇಖನ ಬರೆಯುವುದಿಲ್ಲ. ಅದರಲ್ಲಿ ಫೋಟೋಗೆ ಸಿಗುವಂಥದ್ದೇನೂ ಇಲ್ಲ. ಊರೊಟ್ಟಿನ ಜಾಗದ ಒತ್ತುವರಿ ತೆರವು ಮಾಡಿ ಎಂದು 2011ರ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ರಾಜ್ಯಗಳಿಗೆ ಹೇಳಿತಲ್ಲ, ಆ ತೀರ್ಪಿಗೆ ಊರಲ್ಲಿ ಜೀವ ಬರುವುದು ಈ ಅರ್ಜಿದಾರರಿಂದಲೇ. ನನ್ನ ತಕ್ಕಡಿಯಲ್ಲಿ ಅವರು ಕಾಮೇಗೌಡರಿಗೆ ಸಮ.

ಅಜ್ಜನಿಗೆ ಪ್ರತಿಮೆ ನಿಲ್ಲಿಸುವ ಮಾತು ಆಮೇಲೆ. ಪ್ರತಿ ಕಟ್ಟೆಯನ್ನೂ ಅಳೆದು ಸರ್ಕಾರಿ ದಾಖಲೆಗೆ ಸೇರಿಸಲಿ, ಹೂಳೆತ್ತುವ ಕೆಲಸವನ್ನು ಪಂಚಾಯಿತಿ ತನ್ನ ಕ್ರಿಯಾಯೋಜನೆಯಲ್ಲಿ ಬರೆದುಕೊಳ್ಳಲಿ.