ಮೂಕಜ್ಜಿಯ ಮುಷ್ಟಿಯೊಳಗಿನ ಕಾಲ

ಲೋಕದಲ್ಲಿ ನಡೆಯಲಾರದ್ದನ್ನು ನಡೆದಂತೆ ಕಾಣಿಸಿ, ಓದು ಮುಗಿಯುವವರೆಗಾದರೂ ಅದನ್ನು ನಂಬಿಸುವ ಕಥನವನ್ನು ಫ್ಯಾಂಟಸಿ, ಅಂದರೆ ಅದ್ಭುತ ಕಥನ, ಎನ್ನುತ್ತಾರೆ. ವಾಸ್ತವವಾದಿಯೆಂದೇ ಹೆಸರಾದ ಕೋಟ ಶಿವರಾಮ ಕಾರಂತರನ್ನು (1902–1997) ಆ ಪಂಕ್ತಿಯಲ್ಲಿ ಕೂರಿಸುವುದು ಮೊದಲಿಗೆ ವಿಚಿತ್ರವೆನಿಸಬಹುದಾದರೂ, 1968ರಲ್ಲಿ ಪ್ರಕಟವಾಗಿ 1977ನೇ ಸಾಲಿನ ಜ್ಞಾನಪೀಠ ಪ್ರಶಸ್ತಿ ಪಡೆದ ‘ಮೂಕಜ್ಜಿಯ ಕನಸುಗಳು’ ಕಾದಂಬರಿ ನಿಂತಿರುವುದು ಅಪ್ಪಟ ಅದ್ಭುತವೊಂದರ ಮೇಲೆಯೇ. ಬಾಲ್ಯದಲ್ಲೇ ವಿಧವೆಯಾಗಿ ಮುಪ್ಪನ್ನು ಮುಟ್ಟಿದ ಹಳ್ಳಿಯ ಅಜ್ಜಿಗೆ, ಮೊಮ್ಮಗ ಸುಬ್ಬರಾಯ ತಂದಿತ್ತ ವಸ್ತುವನ್ನು ಕೈಯಲ್ಲಿ ಹಿಡಿದೊಡನೆ, ಅದನ್ನು ಬಳಸಿದವರ ಬದುಕು ಸಾವಿರಾರು ವರ್ಷಗಳನ್ನು ದಾಟಿ ಕಣ್ಣೆದುರು ನಿಲ್ಲುತ್ತದೆ. ಇಂದ್ರಿಯಗಳ ಎಟುಕನ್ನು ಮೀರಿದ ಈ ಕಾಣ್ಕೆಗೆ ಅತೀಂದ್ರಿಯ ದರ್ಶನವೆಂಬ ಹೆಸರಿದೆ. ಕಾರಂತರು ಅದನ್ನು ಕನಸು ಎಂಬ ಮನೆಮಾತಿನಲ್ಲಿ ಕರೆದರು.

ಇಂಗ್ಲಿಷಿನ ಟೋಲ್ಕಿನ್ ತನ್ನ ಕಥೆಗಳಿಗಾಗಿ ಬೇರೆಯೇ ಒಂದು ಲೋಕವನ್ನು, ಅದಕ್ಕೊಪ್ಪುವ ಭಾಷೆಗಳನ್ನೂ ವಂಶಾವಳಿಗಳನ್ನೂ ಸೃಷ್ಟಿಸಿಕೊಂಡ. ಕಾರಂತರಿಗೆ ಎರಡನೆಯ ಲೋಕದ ಅಗತ್ಯ ಬೀಳಲಿಲ್ಲ. ಕಾಲ ಕೆಳಗಿನ ಮಣ್ಣೇ ಅವರಿಗೆ ಸಾಕಾಯಿತು. ಅವರು ಹುಟ್ಟಿದ ಕೋಟ ಇಂದು ಬ್ರಹ್ಮಾವರ ತಾಲ್ಲೂಕಿನಲ್ಲಿದೆ. ಅದರ ಒಂದು ಮಗ್ಗುಲಿಗೆ ಆಳುಪರ ರಾಜಧಾನಿಯಾಗಿದ್ದ ಬಾರಕೂರು, ಇನ್ನೊಂದು ಮಗ್ಗುಲಿಗೆ ಹಳೆಯ ಬಂದರು ಪಟ್ಟಣವಾದ ಬಸರೂರು ಇವೆ. ಶಾಸನ, ಪಾಳುಗುಡಿ, ಕೆರೆಗಳ ನಡುವೆಯೇ ಬೇಸಾಯ ಸಾಗುವ ಈ ಸೀಮೆಯಲ್ಲಿ ಹಿಂದಿನ ಕಾಲವನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಅಜ್ಜಿಯ ನಿಜನಾಮ ಮೂಕಾಂಬಿಕೆಯೆಂಬುದೂ ಇಲ್ಲಿ ನೆನೆಯತಕ್ಕದ್ದು: ಬೈಂದೂರು ತಾಲ್ಲೂಕಿನ ಕೊಲ್ಲೂರು ದೇವಿಯ ಹೆಸರನ್ನು ಹೊತ್ತವಳೇ, ದೇವರುಗಳು ಮನುಷ್ಯನ ಮನಸ್ಸಿನಲ್ಲಿ ಹುಟ್ಟಿ, ಬೆಳೆದು, ರೂಪ ಬದಲಿಸಿದ ಬಗೆಯನ್ನು ಹೇಳುತ್ತಾಳೆ.

ಈ ನೆಲದ ಮತ್ತೊಂದು ಅದ್ಭುತಲೋಕ ಯಕ್ಷಗಾನ. ಬಡಗುತಿಟ್ಟಿನ, ಅಂದರೆ ಉತ್ತರದ ಶೈಲಿಯ, ಹಾರಾಡಿ ಮತ್ತು ಮಟಪಾಡಿ ಎಂಬ ಎರಡು ಮಟ್ಟುಗಳು ಬ್ರಹ್ಮಾವರದ ಆಸುಪಾಸಿನ ಊರುಗಳ ಹೆಸರನ್ನೇ ಹೊತ್ತಿವೆ. ಆ ಕಲೆಯನ್ನು ಕುರಿತ ‘ಯಕ್ಷಗಾನ ಬಯಲಾಟ’ಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕಾರಂತರು, ಕಿರೀಟ, ಬಣ್ಣ, ಚೆಂಡೆಗಳ ಬಲದಿಂದ ಇಲ್ಲದ ಲೋಕವೊಂದು ರಾತ್ರಿಯೆಲ್ಲ ಎದ್ದು ನಿಲ್ಲುವುದನ್ನು ಬಲ್ಲವರಾಗಿದ್ದರು. ಹಾಗಿದ್ದೂ ತಮ್ಮ ಕಾದಂಬರಿಯಲ್ಲಿ ವೇಷವನ್ನೆಲ್ಲ ಕಳಚಿಟ್ಟು, ಅಶ್ವತ್ಥಕಟ್ಟೆಯ ಬಳಿಯ ಮುದುಕಿಯೊಬ್ಬಳ ಮಾತಿನಿಂದಲೇ ಆ ಕೆಲಸವನ್ನು ಮಾಡಿಸಿದ್ದು ದಿಟ್ಟತನವೇ ಸರಿ.

ಪವಾಡಗಳನ್ನು ನಂಬದ ಲೇಖಕ ಪವಾಡವೊಂದನ್ನು ಕಥೆಯ ನಡುಗಂಬವಾಗಿಸಿದ್ದಕ್ಕೆ ಕಾರಣ ಅವರ ಬರವಣಿಗೆಯ ಬಾಳಿನಲ್ಲಿಯೇ ಸಿಗುತ್ತದೆ. ಗಾಂಧೀಜಿಯ ಕರೆಗೆ ಓಗೊಟ್ಟು ಕಾಲೇಜು ಬಿಟ್ಟು, 1920ರ ದಶಕದಲ್ಲಿ ಕುಂದಾಪುರದಿಂದ ‘ವಸಂತ’ ಮಾಸಪತ್ರಿಕೆಯನ್ನು ಹೊರಡಿಸಿದ ಕಾರಂತರು, 40ಕ್ಕೂ ಹೆಚ್ಚು ಕಾದಂಬರಿಗಳ ಜೊತೆಗೆ ‘ಬಾಲ ಪ್ರಪಂಚ’, ‘ವಿಜ್ಞಾನ ಪ್ರಪಂಚ’ಗಳಂಥ ವಿಶ್ವಕೋಶಗಳನ್ನೂ ಒಬ್ಬರೇ ಬರೆದರು. ಮಾನವನ ಇತಿಹಾಸವನ್ನು ಮಕ್ಕಳಿಗೆ ತಿಳಿಸಿದ ಕೈಯೇ ಅಜ್ಜಿಯ ಕನಸುಗಳನ್ನೂ ಬರೆದದ್ದರಿಂದ, ಆ ಕನಸುಗಳಲ್ಲಿ ಸ್ವರ್ಗ ಪಾತಾಳಗಳ ಬದಲು ಗುಹೆ, ಬೆಂಕಿ, ಬೇಟೆ, ಹಸಿವು, ಕಾಮಗಳು ತುಂಬಿಕೊಂಡಿವೆ. ವಿದ್ವಾಂಸನಿಗೆ ವರ್ಷಗಟ್ಟಲೆ ಹಿಡಿಯುವ ಊಹೆಯ ದಾರಿಯನ್ನು ಅಜ್ಜಿ ಒಂದು ಸ್ಪರ್ಶದಲ್ಲಿ ಕ್ರಮಿಸುತ್ತಾಳೆ. ಕೆಲವೆಡೆ ಅವಳು ತೀರಾ ಕಾರಂತರದೇ ದನಿಯಲ್ಲಿ ಮಾತಾಡುವುದು, ಚರ್ಚೆ ಕಥೆಯನ್ನು ಹಿಂದಿಕ್ಕುವುದು ಕೃತಿಯ ಕೊರತೆಯೆಂದು ಒಪ್ಪಲೇಬೇಕು.

ಗತಿಸಿದವರ ಬದುಕನ್ನು ಅರಸುವ ಇದೇ ಹುಡುಕಾಟದ ಮೊದಲ ರೂಪ ಕಾರಂತರ 1960ರ ಕಾದಂಬರಿ ‘ಅಳಿದ ಮೇಲೆ’ಯಲ್ಲಿದೆ. ಅಲ್ಲಿ ತೀರಿಕೊಂಡ ಯಶವಂತರಾಯನ ಬದುಕನ್ನು, ಅವನು ಬಿಟ್ಟುಹೋದ ಬರಹಗಳ ಹಾಗೂ ಅವನನ್ನು ಬಲ್ಲ ಜನರ ಮಾತುಗಳ ಮೂಲಕ ನಿರೂಪಕ ಕಷ್ಟಪಟ್ಟು ಕೂಡಿಸುತ್ತಾನೆ. ಯಾವ ದಿವ್ಯದೃಷ್ಟಿಯೂ ಅವನಿಗಿಲ್ಲ. ಮೂಕಜ್ಜಿಯನ್ನು ಇನ್ನೂ ಓದದವರು ಮೊದಲು ‘ಅಳಿದ ಮೇಲೆ’ಯನ್ನು ಓದಿ, ಆ ಬಳಿಕ ಅಜ್ಜಿಯ ಕಟ್ಟೆಗೆ ಬರಲಿ.