ಉಗಿಯುಗದ ಆಟದಲ್ಲಿ ಉಗಿಯ ನಿಯಮವೆಲ್ಲಿ?

ಮೂರು ಹಲ್ಲುಚಕ್ರಗಳನ್ನು ಒಂದಕ್ಕೊಂದು ಕಚ್ಚಿಕೊಳ್ಳುವಂತೆ ತ್ರಿಕೋನಾಕಾರದಲ್ಲಿ ಜೋಡಿಸಿದರೆ ಏನಾಗುತ್ತದೆ? ಮೊದಲನೆಯದು ಬಲಕ್ಕೆ ತಿರುಗಿದರೆ ಎರಡನೆಯದು ಎಡಕ್ಕೆ ತಿರುಗಬೇಕು. ಎರಡನೆಯದು ಮೂರನೆಯದನ್ನು ಬಲಕ್ಕೆ ತಳ್ಳುತ್ತದೆ. ಆದರೆ ಮೊದಲನೆಯದು ಅದೇ ಮೂರನೆಯ ಚಕ್ರವನ್ನು ಎಡಕ್ಕೆ ತಿರುಗಿಸಲು ನೋಡುತ್ತದೆ. ಹೀಗಾಗಿ ಮೂರೂ ಅಲ್ಲಾಡದೆ ನಿಲ್ಲುತ್ತವೆ. ರಟ್ಟಿನಲ್ಲಿ ಚಕ್ರಗಳನ್ನು ಕತ್ತರಿಸಿ ಯಾರು ಬೇಕಾದರೂ ಇದನ್ನು ಪರೀಕ್ಷಿಸಬಹುದು. ಆದರೂ ‘ಸ್ಟೀಮ್‌ಪಂಕ್’ ಶೈಲಿಯ ಚಿತ್ರಗಳಲ್ಲಿ, ಅಲಂಕಾರಗಳಲ್ಲಿ ಇಂತಹ ತಿರುಗಲಾರದ ಚಕ್ರಗಳು ಕಣ್ಣಿಗೆ ಬೀಳುತ್ತಲೇ ಇರುತ್ತವೆ.

ಸ್ಟೀಮ್‌ಪಂಕ್ ಎಂಬುದು ವೈಜ್ಞಾನಿಕ ಕಲ್ಪನಾ ಸಾಹಿತ್ಯದ ಒಂದು ಕವಲು. 1987ರಲ್ಲಿ ಅಮೆರಿಕದ ಲೇಖಕ ಕೆ. ಡಬ್ಲ್ಯು. ಜೀಟರ್ ಈ ಹೆಸರನ್ನು ಚಲಾವಣೆಗೆ ತಂದರು. ಹತ್ತೊಂಬತ್ತನೆಯ ಶತಮಾನದ ಉಗಿಯಂತ್ರವೇ ಮುಂದೆಯೂ ಆಳಿದ್ದರೆ, ಚಾರ್ಲ್ಸ್ ಬ್ಯಾಬೇಜ್ ಅವರ ಲೆಕ್ಕದ ಯಂತ್ರ ಪೂರ್ಣಗೊಂಡು ಬಳಕೆಗೆ ಬಂದಿದ್ದರೆ ಜಗತ್ತು ಹೇಗಿರುತ್ತಿತ್ತು ಎಂಬ ಊಹೆ ಇದರ ಬುನಾದಿ. ವಿಲಿಯಂ ಗಿಬ್ಸನ್ ಮತ್ತು ಬ್ರೂಸ್ ಸ್ಟರ್ಲಿಂಗ್ 1990ರಲ್ಲಿ ಪ್ರಕಟಿಸಿದ ‘ದಿ ಡಿಫರೆನ್ಸ್ ಎಂಜಿನ್’ ಕಾದಂಬರಿ ಇದೇ ಊಹೆಯನ್ನು ಬೆಳೆಸುತ್ತದೆ.

ಈ ಶೈಲಿ ಇಷ್ಟು ಜನರನ್ನು ಸೆಳೆಯಲು ಒಂದು ಮುಖ್ಯ ಕಾರಣವಿದೆ. ಉಗಿಯಂತ್ರದಲ್ಲಿ ಕಾರಣವೂ ಕಾರ್ಯವೂ ಕಣ್ಣೆದುರೇ ಇರುತ್ತವೆ. ಬೆಂಕಿ, ನೀರು, ಪಿಸ್ಟನ್, ದಂಡ, ಚಕ್ರ ಎಂದು ಬೆರಳಿಟ್ಟು ತೋರಿಸಬಹುದು. ನಮ್ಮ ವಿದ್ಯಾರ್ಥಿಗಳ ಕೈಯಲ್ಲಿರುವ ಮೊಬೈಲ್ ಫೋನ್ ಹಾಗಲ್ಲ, ಅದು ಮುಚ್ಚಿದ ಪೆಟ್ಟಿಗೆ. ತೆರೆದ ಯಂತ್ರವನ್ನು ಕೆಲವರು ಮೊದಲು ಕಾಣುವುದು ವಿಡಿಯೋ ಗೇಮ್‌ನಲ್ಲೇ. ಹಾಗಾಗಿ ಅಲ್ಲಿ ಯಂತ್ರ ಹೇಗೆ ನಡೆಯುತ್ತದೆ ಎಂಬುದು ಶಿಕ್ಷಕರೂ ಕೇಳಬೇಕಾದ ಪ್ರಶ್ನೆ.

ಕಿರು ಆಟವೆಂಬ ಪರೀಕ್ಷೆ

ರೋಲ್ ಪ್ಲೇಯಿಂಗ್ ಗೇಮ್‌ಗಳಲ್ಲಿ ಆಟಗಾರ ಒಂದು ಪಾತ್ರವನ್ನು ವಹಿಸಿ, ಅದರ ಕೌಶಲಗಳನ್ನು ಬೆಳೆಸುತ್ತಾ ಕಥೆಯಲ್ಲಿ ಸಾಗುತ್ತಾನೆ. ನಡುವೆ ಬೀಗ ತೆಗೆಯುವುದು, ಯಂತ್ರ ರಿಪೇರಿ ಮಾಡುವುದು ಮುಂತಾದ ಕೆಲಸಗಳು ಬರುತ್ತವೆ. ಇವುಗಳಿಗಾಗಿ ದೊಡ್ಡ ಆಟದೊಳಗೆ ಅಳವಡಿಸುವ ಪುಟ್ಟ ಒಗಟೇ ‘ಮಿನಿಗೇಮ್’, ಅಂದರೆ ಕಿರು ಆಟ. ಇದು ಆಟಗಾರನನ್ನು ಆ ಲೋಕದಲ್ಲಿ ಇನ್ನಷ್ಟು ತಲ್ಲೀನಗೊಳಿಸಬೇಕು, ಅಲ್ಲಿಂದ ಹೊರಗೆ ತಳ್ಳಬಾರದು.

ಉಗಿಯುಗದ ಕಿರು ಆಟವನ್ನು ಮೂರು ಪ್ರಶ್ನೆಗಳಿಂದ ಅಳೆಯಬಹುದು. ಒಗಟಿನ ನಿಯಮ ಆ ಯಂತ್ರದ ನಿಯಮವೇ ಆಗಿದೆಯೇ? ಒಗಟು ಬಿಡಿಸುವಾಗ ಹೊರಗಿನ ಲೋಕದ ಕಾಲ ನಡೆಯುತ್ತಿದೆಯೇ? ತಪ್ಪಿದಾಗ ಆಗುವ ಪರಿಣಾಮ ಆ ಲೋಕಕ್ಕೆ ಸೇರಿದ್ದೇ? ಕೆಲವು ಹೆಸರಾಂತ ಆಟಗಳನ್ನು ಈ ಒರೆಗಲ್ಲಿಗೆ ಹಚ್ಚಿ ನೋಡೋಣ.

ಆರ್ಕೇನಮ್: ಸಂಖ್ಯೆಯೇ ಎಲ್ಲ

ಟ್ರೋಯ್ಕಾ ಗೇಮ್ಸ್ ಸಂಸ್ಥೆ 2001ರಲ್ಲಿ ಹೊರತಂದ ‘ಆರ್ಕೇನಮ್’ ಅಪ್ಪಟ ಸ್ಟೀಮ್‌ಪಂಕ್ ರೋಲ್ ಪ್ಲೇಯಿಂಗ್ ಗೇಮ್. ಇದರಲ್ಲಿ ಮಾಂತ್ರಿಕ ವಿದ್ಯೆ ನಿಸರ್ಗನಿಯಮವನ್ನು ಬಾಗಿಸುತ್ತದೆ, ತಂತ್ರವಿದ್ಯೆ ಅದೇ ನಿಯಮವನ್ನು ನಂಬಿ ನಡೆಯುತ್ತದೆ. ಆದ್ದರಿಂದ ಒಂದು ಇನ್ನೊಂದನ್ನು ಕೆಡಿಸುತ್ತದೆ. ಇಷ್ಟು ಸುಸಂಗತವಾದ ಕಲ್ಪನೆ ಆಟಗಳಲ್ಲಿ ಅಪರೂಪ.

ಆದರೆ ಯಂತ್ರದ ಮುಂದೆ ನಿಂತಾಗ ಆರ್ಕೇನಮ್ ನಿರಾಸೆ ಮೂಡಿಸುತ್ತದೆ. ಇಲ್ಲಿ ಕಿರು ಆಟವೇ ಇಲ್ಲ. ಬೀಗ ತೆರೆಯುವುದೇ ಇಲ್ಲವೇ ಎಂಬುದನ್ನು ಪಾತ್ರದ ಕೌಶಲದ ಅಂಕ ನಿರ್ಧರಿಸುತ್ತದೆ. ನಕ್ಷೆಯ ಪ್ರಕಾರ ಎರಡು ಬಿಡಿಭಾಗಗಳನ್ನು ಕೂಡಿಸಿದರೆ ಮರುಕ್ಷಣವೇ ಸಾಧನ ಸಿದ್ಧ. ಆ ಎರಡು ಭಾಗಗಳೇ ಏಕೆ ಬೇಕು ಎಂಬುದು ಹಲವು ಸಲ ಊಹೆಗೆ ಬಿಟ್ಟದ್ದು. ಪಾತ್ರಕ್ಕೆ ಯಂತ್ರ ಗೊತ್ತು, ಆಟಗಾರನಿಗೆ ಗೊತ್ತಿಲ್ಲ.

ಬಯೋಶಾಕ್: ಕೊಳವೆಯ ಒಗಟು

2007ರ ‘ಬಯೋಶಾಕ್’ ಕಟ್ಟುನಿಟ್ಟಾಗಿ ಹೇಳುವುದಾದರೆ ಉಗಿಯುಗದ್ದಲ್ಲ. ಅದರ ಕಥೆ 1960ರಲ್ಲಿ, ಕಡಲಾಳದ ನಗರವೊಂದರಲ್ಲಿ ನಡೆಯುತ್ತದೆ. ಅದು ಮೂಲತಃ ಗುಂಡು ಹಾರಿಸುವ ಆಟ, ಪಾತ್ರ ಬೆಳೆಸುವ ಅಂಶಗಳನ್ನು ಎರವಲು ಪಡೆದಿದೆ. ಆದರೂ ಹಿತ್ತಾಳೆ, ಕೊಳವೆ, ಮಾಪಕಗಳ ಆ ಲೋಕ ಸ್ಟೀಮ್‌ಪಂಕ್‌ಗೆ ಹತ್ತಿರದ ನೆಂಟ. ಅದರ ಕಿರು ಆಟವಂತೂ ಬಹಳ ಚರ್ಚೆಗೊಳಗಾಗಿದೆ.

ಇಲ್ಲಿ ಕಾವಲು ಬಂದೂಕನ್ನೋ ತಿಜೋರಿಯನ್ನೋ ವಶಮಾಡಿಕೊಳ್ಳಲು, ಹರಿದು ಬರುತ್ತಿರುವ ದ್ರವಕ್ಕೆ ಕೊಳವೆಯ ತುಂಡುಗಳನ್ನು ಜೋಡಿಸಿ ದಾರಿ ಮಾಡಿಕೊಡಬೇಕು. 1989ರ ‘ಪೈಪ್ ಮೇನಿಯಾ’ ಆಟವನ್ನು ಆಡಿದವರಿಗೆ ಇದು ಹಳೆಯ ಪರಿಚಯ. ಮೊದಲ ಕೆಲವು ಸಲ ಇದು ರಂಜಿಸುತ್ತದೆ. ಆಮೇಲೆ ಪ್ರಶ್ನೆ ಏಳುತ್ತದೆ: ಕೊಳವೆಯಲ್ಲಿ ದ್ರವ ಹರಿದರೆ ಬಂದೂಕು ತನ್ನ ಒಡೆಯನನ್ನೇಕೆ ಬದಲಿಸಬೇಕು? ತಿಜೋರಿಗೂ ಬಂದೂಕಿಗೂ ಒಂದೇ ಒಗಟು ಏಕೆ? ಅದೂ ಅಲ್ಲದೆ, ಒಗಟು ತೆರೆದೊಡನೆ ಹೊರಗಿನ ಲೋಕ ಸ್ತಬ್ಧವಾಗುತ್ತದೆ. ಬೆನ್ನಟ್ಟಿ ಬಂದ ವೈರಿಯೂ ಆಟಗಾರ ಬಿಡಿಸಿ ಮುಗಿಸುವವರೆಗೆ ಕಾಯುತ್ತಾನೆ.

ಒಂದು ಒಳ್ಳೆಯ ಅಂಶವನ್ನು ಹೇಳಲೇಬೇಕು. ಕಾವಲು ಯಂತ್ರವನ್ನು ಮೊದಲು ಶೀತಶಕ್ತಿಯಿಂದ ಹೆಪ್ಪುಗಟ್ಟಿಸಿದರೆ ಕೊಳವೆಯ ದ್ರವ ನಿಧಾನವಾಗಿ ಹರಿಯುತ್ತದೆ. ತಂಪಾದಷ್ಟೂ ದ್ರವದ ಸ್ನಿಗ್ಧತೆ ಹೆಚ್ಚುವುದನ್ನು ಇದು ನೆನಪಿಸುತ್ತದೆ. ಆ ಒಂದು ಗಳಿಗೆಯಲ್ಲಿ ಒಗಟು ಲೋಕದ ಭಾಗವಾಗುತ್ತದೆ. ಇಂಥವು ಇನ್ನೂ ಹತ್ತು ಇರಬೇಕಿತ್ತು.

2010ರ ‘ಬಯೋಶಾಕ್ 2’ ಕೊಳವೆಗಳನ್ನು ಕೈಬಿಟ್ಟು, ಓಲಾಡುವ ಮುಳ್ಳೊಂದನ್ನು ಸರಿಯಾದ ಬಣ್ಣದ ಪಟ್ಟಿಯಲ್ಲಿ ನಿಲ್ಲಿಸುವ ಪರೀಕ್ಷೆಯನ್ನು ತಂದಿತು. ಹೊರಗಿನ ಲೋಕ ನಿಲ್ಲುವುದಿಲ್ಲ, ಆದ್ದರಿಂದ ನಿಜವಾದ ಆತಂಕ ಹುಟ್ಟುತ್ತದೆ. ನಮ್ಮ ಎರಡನೆಯ ಪ್ರಶ್ನೆಗೆ ಇದು ಸರಿಯುತ್ತರ. ಆದರೆ ಮುಳ್ಳು ಏನನ್ನು ಅಳೆಯುತ್ತಿದೆ? ಏನನ್ನೂ ಇಲ್ಲ. ಉಳಿದದ್ದು ಬೆರಳಿನ ಚುರುಕು ಮಾತ್ರ. 1912ರ ಹಾರುವ ನಗರವನ್ನು ತೋರಿಸುವ 2013ರ ‘ಬಯೋಶಾಕ್ ಇನ್ಫಿನಿಟ್’ ಇಂತಹ ಒಗಟನ್ನೇ ತೆಗೆದುಹಾಕಿ, ಬೀಗ ತೆರೆಯುವ ಕೆಲಸವನ್ನು ಜೊತೆಗಾತಿಯ ಪಾತ್ರಕ್ಕೆ ವಹಿಸಿತು. ತೊಂದರೆ ತಪ್ಪಿತು, ನಿಜ. ಮೂರರಲ್ಲಿ ಸ್ಟೀಮ್‌ಪಂಕ್‌ಗೆ ಅತಿ ಹತ್ತಿರವಾದ ಆಟದಲ್ಲೇ ಯಂತ್ರಕ್ಕೆ ಕೈ ಹಚ್ಚುವ ಅವಕಾಶವೂ ತಪ್ಪಿತು.

ಚರಿತ್ರೆಯೇ ಕೊಟ್ಟ ಮಾದರಿ

ವಿನ್ಯಾಸಕಾರರು ಒಗಟಿಗಾಗಿ ದೂರ ಹೋಗಬೇಕಿಲ್ಲ. ಇಂಗ್ಲೆಂಡಿನ ಜೆರೆಮಯ ಚಬ್ 1818ರಲ್ಲಿ ಒಂದು ಬೀಗಕ್ಕೆ ಪೇಟೆಂಟ್ ಪಡೆದರು. ಯಾರಾದರೂ ಕಳ್ಳ ಸಾಧನದಿಂದ ಅದರ ಲಿವರನ್ನು ಅಗತ್ಯಕ್ಕಿಂತ ಮೇಲೆತ್ತಿದರೆ ಬೀಗ ಸಿಕ್ಕಿಹಾಕಿಕೊಳ್ಳುತ್ತದೆ. ಮುಂದೆ ಒಡೆಯ ತನ್ನ ಕೀಲಿಕೈ ಹಾಕಿದಾಗ, ಇನ್ನಾರೋ ಕೈಯಾಡಿಸಿದ್ದಾರೆಂದು ಅವನಿಗೆ ತಿಳಿಯುತ್ತದೆ. 1851ರಲ್ಲಿ, ಲಂಡನ್ನಿನ ಮಹಾಪ್ರದರ್ಶನದ ವರ್ಷ, ಅಮೆರಿಕದ ಆಲ್ಫ್ರೆಡ್ ಹಾಬ್ಸ್ ಚಬ್ ಬೀಗವನ್ನು ಸುಮಾರು 25 ನಿಮಿಷಗಳಲ್ಲಿ ತೆರೆದರು. ಅದೇ ವರ್ಷ, ಅಭೇದ್ಯವೆಂದು ಹೆಸರಾಗಿದ್ದ ಬ್ರಾಮಾ ಬೀಗಕ್ಕೆ ಅವರು 16 ದಿನಗಳಲ್ಲಿ ಒಟ್ಟು 51 ಗಂಟೆ ಕೆಲಸ ಮಾಡಬೇಕಾಯಿತು.

ಚಬ್ ಬೀಗದಲ್ಲಿ ನಮ್ಮ ಮೂರೂ ಪ್ರಶ್ನೆಗಳಿಗೆ ಉತ್ತರವಿದೆ. ಅದರ ನಿಯಮ ಲಿವರಿನ ಎತ್ತರ. ಕಾಲ ನಿಜವಾದದ್ದು. ಸೋಲು ಗುರುತು ಬಿಡುತ್ತದೆ, ಮನೆಯೊಡೆಯ ಎಚ್ಚೆತ್ತು ಕಾವಲು ಹೆಚ್ಚಿಸುತ್ತಾನೆ. ‘ಮತ್ತೊಮ್ಮೆ ಪ್ರಯತ್ನಿಸಿ’ ಎಂಬ ಫಲಕಕ್ಕಿಂತ ಇದು ಎಷ್ಟು ಚೆನ್ನ!

ಬಾಯ್ಲರನ್ನೇ ಆಟವಾಗಿಸಿದರೆ?

ಇದೇ ಜಾಡಿನಲ್ಲಿ ಬಾಯ್ಲರ್ ನಡೆಸುವ ಕಿರು ಆಟವೊಂದನ್ನು ಊಹಿಸಿಕೊಳ್ಳಿ. ಆಟಗಾರನ ಕೈಯಲ್ಲಿ ಮೂರು ಹಿಡಿತಗಳಿವೆ: ಬೆಂಕಿ, ನೀರು, ಉಗಿಯ ಕವಾಟ. ಒತ್ತಡ ಏರಿದಂತೆ ನೀರಿನ ಕುದಿಬಿಂದುವೂ ಏರುತ್ತದೆ. 1 ವಾಯುಭಾರದ ಒತ್ತಡದಲ್ಲಿ 100 ಡಿಗ್ರಿ ಸೆಲ್ಸಿಯಸ್, 2ರಲ್ಲಿ ಸುಮಾರು 120, 10ರಲ್ಲಿ ಸುಮಾರು 180. ಅಡುಗೆಮನೆಯ ಕುಕ್ಕರಿನಲ್ಲಿ ಬೇಳೆ ಬೇಗ ಬೇಯುವುದು ಇದೇ ಕಾರಣದಿಂದ.

20 ಡಿಗ್ರಿಯ ಒಂದು ಕಿಲೋಗ್ರಾಂ ನೀರನ್ನು 100 ಡಿಗ್ರಿಗೆ ಏರಿಸಲು ಸುಮಾರು 335 ಕಿಲೋಜೂಲ್ ಸಾಕು. ಅದನ್ನು ಪೂರ್ತಿ ಹಬೆಯಾಗಿಸಲು ಇನ್ನೂ ಸುಮಾರು 2,257 ಕಿಲೋಜೂಲ್ ಬೇಕು. ಹೀಗಾಗಿ ಬಾಯ್ಲರ್ ನಿಧಾನದ ಪ್ರಾಣಿ. ಬೆಂಕಿ ತಗ್ಗಿಸಿದರೂ ಒತ್ತಡ ಕೂಡಲೇ ಇಳಿಯುವುದಿಲ್ಲ, ಬಿಸಿ ಲೋಹ ಮತ್ತು ನೀರು ಶಾಖವನ್ನು ಕೊಡುತ್ತಲೇ ಇರುತ್ತವೆ. ಮುಂದೆ ಏನಾಗುತ್ತದೆಂದು ಈಗಲೇ ಲೆಕ್ಕ ಹಾಕಿದವನೇ ಗೆಲ್ಲುತ್ತಾನೆ. ಬೆರಳಿನ ವೇಗಕ್ಕಿಂತ ಮುಂದಾಲೋಚನೆಗೆ ಇಲ್ಲಿ ಬೆಲೆ.

ಸೋಲಿನ ಪರಿಣಾಮವನ್ನೂ ಕೃತಕವಾಗಿ ಹೊಸೆಯಬೇಕಿಲ್ಲ. 180 ಡಿಗ್ರಿಯ ನೀರಿರುವ ಬಾಯ್ಲರ್ ಸೀಳಿದರೆ ಒತ್ತಡ ಒಮ್ಮೆಲೇ ಕುಸಿದು, ಸುಮಾರು ಶೇಕಡ 15ರಷ್ಟು ನೀರು ಕ್ಷಣಾರ್ಧದಲ್ಲಿ ಹಬೆಯಾಗುತ್ತದೆ. ಹಬೆಯಾದ ನೀರಿನ ಗಾತ್ರ 1,600 ಪಟ್ಟಿಗಿಂತ ಹೆಚ್ಚಾಗುತ್ತದೆ. ಹಳೆಯ ಕಾರ್ಖಾನೆಗಳಲ್ಲಿ ಬಾಯ್ಲರ್ ಸ್ಫೋಟ ಅಷ್ಟು ಭೀಕರವಾಗಿದ್ದುದು ಇದರಿಂದಲೇ.

ಪಾತ್ರದ ಕೌಶಲಕ್ಕೂ ಇಲ್ಲಿ ಸ್ಥಾನ ಕೊಡಬಹುದು. ಅನನುಭವಿ ಪಾತ್ರಕ್ಕೆ ಕಾಣುವುದು ಒತ್ತಡದ ಮುಳ್ಳು ಮಾತ್ರ. ಪಳಗಿದ ಪಾತ್ರಕ್ಕೆ ನೀರಿನ ಮಟ್ಟ ಕಾಣುತ್ತದೆ, ಕವಾಟದ ಸಣ್ಣ ಸೋರಿಕೆಯ ಸದ್ದೂ ಕೇಳುತ್ತದೆ. ಕೌಶಲವು ಯಂತ್ರವನ್ನು ಸುಲಭಗೊಳಿಸುವ ಬದಲು ಹೆಚ್ಚು ಅರ್ಥವಾಗಿಸುತ್ತದೆ. ಆರ್ಕೇನಮ್‌ನ ಸಂಖ್ಯೆ, ಬಯೋಶಾಕ್‌ನ ಕೈಚಳಕ ಇವೆರಡರ ನಡುವಣ ದಾರಿ ಇದು.

ಆಟ ಪಾಠವಲ್ಲ, ನಿಜ

‘ಆಟವೆಂದರೆ ಮನರಂಜನೆ, ಅಲ್ಲಿ ಭೌತಶಾಸ್ತ್ರವೇಕೆ?’ ಎಂದು ಕೇಳುವವರಿದ್ದಾರೆ. ಆಕ್ಷೇಪದಲ್ಲಿ ಹುರುಳಿದೆ. ನಿಜವಾದ ದೊಡ್ಡ ಬಾಯ್ಲರಿನಲ್ಲಿ ಉಗಿ ಏಳಲು ಗಂಟೆಗಳೇ ಬೇಕು, ಅಷ್ಟು ಹೊತ್ತು ಯಾರೂ ಕಾಯಲಾರರು. ಕಾಲವನ್ನು ಕುಗ್ಗಿಸಲೇಬೇಕು, ಕೆಲವು ವಿವರಗಳನ್ನು ಬಿಡಲೇಬೇಕು. ಆದರೆ ಕುಗ್ಗಿಸುವುದು ಬೇರೆ, ಕಾರಣ-ಕಾರ್ಯಗಳ ಸಂಬಂಧವನ್ನೇ ಕಡಿಯುವುದು ಬೇರೆ. ಭೂಪಟವೂ ನಾಡನ್ನು ಕುಗ್ಗಿಸುತ್ತದೆ, ಆದರೆ ನದಿಯನ್ನು ಬೆಟ್ಟದ ಮೇಲಕ್ಕೆ ಹರಿಸುವುದಿಲ್ಲ.

ಇದನ್ನು ತರಗತಿಯಲ್ಲಿ ಪ್ರಯತ್ನಿಸಲು ಕಂಪ್ಯೂಟರ್ ಬೇಕಿಲ್ಲ. ಸೈಕಲ್ ಡೈನಮೊ, ಕೈಪಂಪು, ಕುಕ್ಕರ್ ಇವುಗಳಲ್ಲಿ ಒಂದನ್ನು ಆರಿಸಿಕೊಂಡು, ಅದರ ನಿಯಮದಿಂದಲೇ ಹುಟ್ಟುವ ಆಟವೊಂದನ್ನು ಕಾಗದದ ಮೇಲೆ ರಚಿಸುವಂತೆ ವಿದ್ಯಾರ್ಥಿಗಳಿಗೆ ಹೇಳಿ. ಯಾವ ಹಿಡಿತ ಏನನ್ನು ಬದಲಿಸುತ್ತದೆ, ಎಷ್ಟು ತಡವಾಗಿ ಬದಲಿಸುತ್ತದೆ, ತಪ್ಪಿದರೆ ಮೊದಲು ಕೆಡುವುದು ಯಾವುದು ಎಂದು ಅವರು ಬರೆಯಬೇಕು. ಯಂತ್ರವನ್ನು ಅರಿಯದವರಿಗೆ ಮೂರನೆಯ ಪ್ರಶ್ನೆಯಲ್ಲೇ ಅದು ಗೊತ್ತಾಗಿಬಿಡುತ್ತದೆ. ಅರಿತವರ ಕೈಯಲ್ಲಿ ಆಗಲೇ ಒಂದು ಆಟ ಸಿದ್ಧವಾಗಿರುತ್ತದೆ.